ಹಿಂದೆ ಕೂರುವವರ ಹೆಲ್ಮೆಟ್

“ಇಬ್ಬರಲ್ಲಿ ಹಿಂದೆ ಕೂರೋದು ಯಾರು ಆಂಟಿ?” ವಿಜಯನಗರದ ಮನೆಯೊಂದರ ಗೇಟಿನಲ್ಲಿ ನಿಂತಿದ್ದ ಯುವಕ ಕೇಳಿದ. ಆನ್‌ಲೈನಿನಲ್ಲಿ ಹೊಸ ಹೆಲ್ಮೆಟ್ ಮಾರಾಟಕ್ಕಿಟ್ಟು, ‘ಒಂದೇ ಗಾಡಿಯಲ್ಲಿ ಓಡಾಡುವ ಇಬ್ಬರೂ ಬನ್ನಿ’ ಎಂದು ವಿಚಿತ್ರ ಷರತ್ತು ಹಾಕಿದ್ದವನು ಅವನೇ. ನನ್ನ ಗೆಳತಿ ಸುಧಾ ನಗುತ್ತಾ ಕೈಯೆತ್ತಿದಳು. ಅವನು ತಾನೇ ಅವಳ ತಲೆಗೆ ಹೆಲ್ಮೆಟ್ ಇಟ್ಟು ಪಟ್ಟಿ ಬಿಗಿದ.

“ನನ್ನ ಫ್ರೆಂಡ್‌ಗೆ ಅಂತ ತಂದಿದ್ದೆ. ‘ಇಲ್ಲೇ ಬಾಪೂಜಿ ನಗರ ತಾನೇ ಮಗಾ, ಹೆಲ್ಮೆಟ್ ಯಾಕೆ’ ಅಂದ. ನಾನೂ ಸರಿ ಅಂದ್ಬಿಟ್ಟೆ. ವಾಪಸ್ ನಾನೊಬ್ಬನೇ ಬಂದೆ.”

ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ.

ಮನೆಗೆ ಮರಳುವಾಗ ಸುಧಾ ದಾರಿಯುದ್ದಕ್ಕೂ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಈಗ ಹಾಲಿನ ಬೂತಿಗೆ ಹೊರಟರೂ ಅವಳ ಪಟ್ಟಿಯನ್ನು ನಾನೇ ಬಿಗಿಯುತ್ತೇನೆ. ‘ಇಲ್ಲೇ ತಾನೇ’ ಎನ್ನುವ ಮಾತು ನಮ್ಮಿಬ್ಬರ ಬಾಯಲ್ಲೂ ಬರುವುದಿಲ್ಲ.