ಟೇಪಕ್ಕ ಅಳೆದ ಪಾರ್ಕಿಂಗ್

ನಮ್ಮಕ್ಕನಿಗೆ ಓಣಿಯವರೆಲ್ಲ ಇಟ್ಟ ಹೆಸರು ಟೇಪಕ್ಕ. ಹೊಲಿಗೆಯವಳು, ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ಗಿರಾಕಿ ಹಳೇ ಅಂಗಿ ಕೊಟ್ಟು ಇದೇ ಅಳತೆ ಅಂದರೂ ನಂಬುವವಳಲ್ಲ. ನಿಲ್ಲಿಸಿ, ತಿರುಗಿಸಿ, ಮತ್ತೆ ಅಳೆಯುತ್ತಾಳೆ. ನನಗಂತೂ ಇದೊಂದು ತಲೆನೋವು.

ಅಕ್ಕನಿಗೆ ಸ್ವಂತ ಮನೆಗಿಂತ ಪಾರ್ಕಿಂಗ್ ಮುಖ್ಯವಾಗಿತ್ತು. ಭಾವ ಓಡಿಸುವುದು ಸಣ್ಣ ಸಾಮಾನು ಗಾಡಿ. ಬೀದಿಯಲ್ಲಿ ನಿಲ್ಲಿಸಿದ್ದಾಗ ಎರಡು ಸಲ ಯಾರೋ ಬ್ಯಾಟರಿ ಕದ್ದರು. ಅಲ್ಲಿಂದ ಹನ್ನೊಂದು ವರ್ಷ ಆ ಮನುಷ್ಯನದು ಕೋಳಿನಿದ್ದೆ. ನಾಯಿ ಬೊಗಳಿದರೂ ಎದ್ದು ಕಿಟಕಿಗೆ ಓಡುತ್ತಿದ್ದರು.

ಕೊನೆಗೆ ಎರಡನೇ ಮಹಡಿಯಲ್ಲೊಂದು ಫ್ಲ್ಯಾಟು, ಕೆಳಗೆ ಅದರ ಪಾರ್ಕಿಂಗ್, ಎರಡೂ ಗೊತ್ತಾದವು. ಕ್ರಯಪತ್ರದ ಕರಡು ಬರೆದವರು ಮುದ್ರಾಂಕ ಶುಲ್ಕ ಎಷ್ಟೆಂದು ಹೇಳಿದಾಗ ಅಕ್ಕನ ಮುಖ ಬಾಡಿತು. ಅಷ್ಟು ಹೊಂದಿಸಬೇಕಾದರೆ ಅವಳ ಕಸೂತಿ ಮೆಷಿನ್ ಮಾರಬೇಕು. ಸಂಪಾದನೆಯ ಮುಕ್ಕಾಲು ಪಾಲು ಅದರದ್ದೇ.

"ಪಾರ್ಕಿಂಗ್ ವಿಷಯ ಪತ್ರದಿಂದ ತೆಗೆದುಬಿಡೋಣಮ್ಮ, ಶುಲ್ಕ ಕಡಿಮೆಯಾಗುತ್ತೆ. ಅದು ಬಾಯಿಮಾತಲ್ಲೇ ಇರಲಿ," ಅಂದರು ಪತ್ರ ಬರೆಯುವವರು.

"ನಾಳೆ ಅಲ್ಲಿ ಇನ್ಯಾರೋ ಕಾರು ನಿಲ್ಲಿಸಿದ್ರೆ ಬಾಯಿಮಾತನ್ನ ಹೇಗೆ ತೋರಿಸ್ಲಿ ಸಾರ್?" ಅಂದಳು ಅಕ್ಕ.

ಮೆಷಿನ್ ಕೊಳ್ಳುವವರು ಶುಕ್ರವಾರ ಬರುವುದಿತ್ತು. ಗುರುವಾರ ಮಧ್ಯಾಹ್ನ, ಪರದೆಗೆ ಕಿಟಕಿ ಅಳೆಯಬೇಕೆಂದು ಅಕ್ಕ ನನ್ನನ್ನೂ ಖಾಲಿ ಫ್ಲ್ಯಾಟಿಗೆ ಎಳೆದುಕೊಂಡು ಹೋದಳು. ಕಿಟಕಿ ಮುಗಿಯಿತು. ಚಟ ಬಿಡಬೇಕಲ್ಲ, ಕೋಣೆಗಳನ್ನೂ ಅಳೆದಳು. ಗೋಡೆಯ ದಪ್ಪ, ಬಾಲ್ಕನಿ ಎಲ್ಲ ಸೇರಿ ಆರುನೂರ ನಲವತ್ತು ಚದರಡಿ. ಕರಡಿನಲ್ಲಿದ್ದದ್ದು ಏಳುನೂರ ಎಪ್ಪತ್ತು.

"ಟೇಪು ಹಳೇದಾಗಿದೆ ಬಾ ಅಕ್ಕ," ಅಂದೆ. ನನಗೆ ಹೊಟ್ಟೆ ಹಸಿದಿತ್ತು.

"ಹಳೇ ಟೇಪಾದ್ರೆ ಒಂದಿಂಚು ತಪ್ಪಬಹುದು ಕಣೇ, ಒಂದು ಇಡೀ ಕೋಣೆ ತಪ್ಪಲ್ಲ."

ಕೆಳಗಿಳಿದು ಪಾರ್ಕಿಂಗ್ ಅಳೆದೆವು. ಅಗಲ ಹತ್ತಡಿ, ಉದ್ದ ಹದಿಮೂರು. ನೂರ ಮೂವತ್ತು, ಸರಿಯಾಗಿ ಅಷ್ಟೇ ವ್ಯತ್ಯಾಸ. ಪಾರ್ಕಿಂಗನ್ನು ಮನೆಯ ಅಳತೆಯೊಳಗೂ ಸೇರಿಸಿದ್ದರು, ಬೇರೆಯಾಗಿಯೂ ಬರೆದಿದ್ದರು. ಒಂದೇ ಜಾಗಕ್ಕೆ ಎರಡು ಸಲ ಶುಲ್ಕ ಬಿದ್ದಿತ್ತು.

ನಮ್ಮ ಅಳತೆ ಕೇಳಿದ ಪತ್ರ ಬರೆಯುವವರು ಕಟ್ಟಡದ ನಕ್ಷೆ ತರಿಸಿ, ಕನ್ನಡಕ ಒರೆಸಿಕೊಂಡು ನೋಡಿದರು. "ತಪ್ಪಾಗಿದೆ ತಾಯಿ. ಬಿಲ್ಡರ್ ಕೊಟ್ಟ ಅಳತೇನ ಹಾಗೇ ಬರೆದ್ಬಿಟ್ಟೆ."

"ಬೇರೆಯವರು ಕೊಟ್ಟ ಅಳತೆಗೆ ನಾನು ಕತ್ತರಿ ಹಾಕಲ್ಲ ಸಾರ್," ಅಂದಳು ಅಕ್ಕ. ಅವತ್ತು ಮಾತ್ರ ಅವಳ ಚಟದ ಬಗ್ಗೆ ನನಗೆ ಹೆಮ್ಮೆಯಾಯಿತು.

ಪತ್ರ ತಿದ್ದಿದ ಮೇಲೆ ಶುಲ್ಕ ಇಳಿಯಿತು, ಪಾರ್ಕಿಂಗ್ ಪತ್ರದಲ್ಲೇ ಉಳಿಯಿತು. ಮೆಷಿನ್ ಕೊಳ್ಳಲು ಬಂದವರಿಗೆ ಟೀ ಕೊಟ್ಟು ಸಾಗಹಾಕಿದೆವು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಹೊಸ ಮನೆಯ ಮೊದಲ ಬೆಳಿಗ್ಗೆ ಅಕ್ಕ ಕಸೂತಿಗೆ ಕೂತಿದ್ದಳಂತೆ. ಎಂಟೂವರೆಯಾದರೂ ಭಾವ ಎದ್ದಿರಲಿಲ್ಲ. ಏನೋ ಸದ್ದು ಕೇಳಿಸಿತು, ಮೆಷಿನ್ ಕೆಟ್ಟಿತೇನೋ ಅಂತ ಹೆದರಿ ನಿಲ್ಲಿಸಿದಳು. ಸದ್ದು ನಿಲ್ಲಲಿಲ್ಲ.

"ಅವರ ಗೊರಕೆ ಕೇಳಿ ಹನ್ನೊಂದು ವರ್ಷ ಆಗಿತ್ತು ಕಣೇ," ಅಂತ ಫೋನಿನಲ್ಲಿ ಹೇಳುವಾಗ ಅಕ್ಕ ಅಳುತ್ತಿದ್ದಳು.