ಪಿಕಪ್ಪಿನ ಮಂಚ

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಯಾರಾದರೂ ಹೇಳಲು ಶುರುಮಾಡಿದರೆ ಎದ್ದುಹೋಗುತ್ತಿದ್ದೆ. ಇದನ್ನು ಓದುತ್ತ ನೀವೂ ಹಾಗೇ ಎದ್ದುಹೋದರೆ ನನಗೆ ಬೇಸರವಿಲ್ಲ.

ನಾನು ಮತ್ತು ನನ್ನ ಅಣ್ಣ ಮಾದೇವ ಹಿರೇಗುತ್ತಿ ಊರಿನವರು. ಬೇಸಿಗೆಯಲ್ಲಿ ಸಿಹಿ ಈರುಳ್ಳಿಯನ್ನು ಪಿಕಪ್ಪಿನಲ್ಲಿ ತುಂಬಿಕೊಂಡು ಭಟ್ಕಳದವರೆಗೂ ಹೆದ್ದಾರಿ ಬದಿಯಲ್ಲಿ ಮಾರುತ್ತಿದ್ದೆವು. ರಾತ್ರಿ ಮಾಲು ಬಿಟ್ಟು ಬರುವಂತಿಲ್ಲ. ಮೂಟೆಗಳ ಮೇಲೆ ಮಲಗಿ ಮಲಗಿ ಇಬ್ಬರಿಗೂ ಬೆನ್ನು ಹಿಡಿದಿತ್ತು. ಗಾಡಿಯ ಹಿಂಬದಿಯಲ್ಲಿ ಕೆಳಗೆ ಮೂಟೆ, ಮೇಲೆ ಇಬ್ಬರು ಮಲಗುವಷ್ಟು ಅಗಲದ ಹಲಗೆಯ ಮಂಚ ಮಾಡಿಸೋಣವೆಂದು ಅಣ್ಣ ಮಂಕಿಯ ಬಡಗಿ ಸುಬ್ರಾಯ ಆಚಾರಿಯ ಹತ್ತಿರ ಪಿಕಪ್ಪು ಬಿಟ್ಟುಬಂದ. ಆಚಾರಿ ಅದುವರೆಗೆ ನನ್ನ ಮುಖ ಕಂಡವರಲ್ಲ.

ಮರುದಿನವಿಡೀ ಅಣ್ಣ ನನ್ನ ಪಕ್ಕದಲ್ಲೇ ಇದ್ದ. ಗದ್ದೆಯಲ್ಲಿ ಕೂತು ಈರುಳ್ಳಿ ಜಡೆ ಹೆಣೆದೆವು, ಅಲ್ಲೇ ಗಂಜಿ ಉಂಡೆವು.

ಅದರ ಮಾರನೆಯ ದಿನ ಇಬ್ಬರೂ ಬಸ್ಸಿನಲ್ಲಿ ಮಂಕಿಗೆ ಹೋದೆವು. ಮಂಚ ಗಟ್ಟಿಯಾಗಿಯೇ ಇತ್ತು, ಆದರೆ ಅರ್ಧ ಅಗಲಕ್ಕೇ ನಿಂತಿತ್ತು.

"ಇದೆಂತ ಆಚಾರ್ರೇ? ಇಬ್ಬರಿಗೆ ಅಂದಿದ್ನಲ" ಎಂದ ಅಣ್ಣ.

"ಮೊದ್ಲು ಹಾಂಗೇ ಅಂದಿದ್ದಿ. ನಿನ್ನೆ ಮಧ್ಯಾಹ್ನ ನೀನೇ ಬಂದು, ಒಬ್ಬನಿಗೆ ಮಾಡಿದ್ರೆ ಸಾಕು ಅಂದ್ಯಲ. ಈ ಕಟ್ಟೆ ಮೇಲೆ ಕೂತು ನೀರು ಕುಡ್ದಿ."

"ನಿನ್ನೆ ನಾ ಇತ್ಲಾಗೆ ಬರ್ಲೇ ಇಲ್ಲ ಮಾರಾಯ್ರೇ."

"ನಾ ಎಂತಕೆ ಸುಳ್ಳು ಹೇಳ್ಲಿ?" ಆಚಾರಿಗೆ ನೋವಾಗಿತ್ತು.

ಬಿಸಿಲಿಗೆ ಮುದುಕರ ತಲೆ ತಿರುಗಿರಬೇಕೆಂದು ನಾನು ನಕ್ಕೆ. ಅಣ್ಣ ನಗಲಿಲ್ಲ. ಸ್ವಲ್ಪ ಹೊತ್ತು ಆ ಕಟ್ಟೆಯನ್ನೇ ನೋಡಿದ. "ಆತು, ಉಳಿದದ್ದು ನಾಳೆ ಮಾಡಿ" ಎಂದು ಹೊರಟ.

ಮರುದಿನ ಬೆಳಿಗ್ಗೆ ಗದ್ದೆಯಲ್ಲಿ ಕೂತಿದ್ದವನು ಪಕ್ಕಕ್ಕೆ ವಾಲಿದ. ಹಗ್ಗ ತೆಗೆದುಕೊಳ್ಳಲು ಬಾಗಿದ ಅಂದುಕೊಂಡೆ. ಕುಮಟಾದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಒಂದು ದಿನವೂ ಜ್ವರವೆಂದು ಮಲಗಿದವನಲ್ಲ. ಅತ್ತಿಗೆಗೆ ಸುದ್ದಿ ಹೇಳಲು ಹೋಗಿ ಅಂಗಳದಲ್ಲೇ ನಿಂತುಬಿಟ್ಟೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಗಾಡಿ ತರಲು ಒಬ್ಬನೇ ಮಂಕಿಗೆ ಹೋದೆ. ಸುದ್ದಿ ತಿಳಿದ ಆಚಾರಿ ಉಳಿದರ್ಧಕ್ಕೆ ಕೈ ಹಚ್ಚಿರಲಿಲ್ಲ. ನಾನೂ ಮಾಡಿ ಅನ್ನಲಿಲ್ಲ. ಒಬ್ಬನಿಗೆ ಸಾಕು ಎಂದು ಹೇಳಿಹೋದ ಆ ಮಧ್ಯಾಹ್ನ ಅವನು ಬೇರೇನಾದರೂ ಹೇಳಿದನೇ ಎಂದು ಕೇಳಿದೆ.

ಅವರು ಉಳಿ ಕೆಳಗಿಟ್ಟರು. "ಬೇರೆಂತ ಇಲ್ಲ. ನನ್ನ ತಮ್ಮ ಉದ್ದಾಳು, ಅವನ ಕಾಲು ಹೊರಗೆ ಬರದ ಹಾಂಗೆ ಮಾಡಿ ಅಂದ. ಅಷ್ಟೇ."

ಅಣ್ಣ ನನ್ನ ಭುಜಕ್ಕೆ ಬರುತ್ತಿದ್ದ. ಗಾಡಿ ಹತ್ತಿ ಹಲಗೆಯ ಮೇಲೆ ಮಲಗಿ ನೋಡಿದೆ. ತಲೆಯಿಂದ ಹಿಮ್ಮಡಿಯವರೆಗೆ ನನ್ನನ್ನೇ ಅಳೆದು ಮಾಡಿದಂತಿತ್ತು.

ಆಚಾರಿ ಈಗಿಲ್ಲ. ಆ ಕಟ್ಟೆಯ ಮೇಲೆ ಕೂತು ನೀರು ಕುಡಿದವನು ಯಾರೆಂದು ನನಗಿನ್ನೂ ಗೊತ್ತಾಗಿಲ್ಲ. ಪ್ರತಿ ಬೇಸಿಗೆಯಲ್ಲೂ ಆ ಮಂಚದ ಮೇಲೇ ಮಲಗುತ್ತೇನೆ. ನಿದ್ದೆ ಚೆನ್ನಾಗಿಯೇ ಬರುತ್ತದೆ.