ಅವ್ವ ಕೂರದ ಮೋಟರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಮೋಟರಿನ ಬಗ್ಗೆ ಏನೂ ಗೊತ್ತಿಲ್ಲ. ನಾನು ಆದವಾನಿಯ ಹತ್ತಿ ವ್ಯಾಪಾರಿ. ಅರಳೆಯ ಎಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ, ಇದು ಎಂಥ ಹೊಲದ್ದು, ಮಳೆಗೆ ಮೊದಲು ಬಿಡಿಸಿದ್ದೋ ಆಮೇಲೋ ಎಂದು ಹೇಳಬಲ್ಲೆ. ಆದರೆ ಕಾರಿನ ಬಾನೆಟ್ ಎತ್ತಿದರೆ, ಗುರುತಿಲ್ಲದ ಬೀಗರ ನಡುವೆ ನಿಂತವನ ಹಾಗೆ ಸುಮ್ಮನೆ ನಗುತ್ತೇನೆ. ಮನೆಯ ಕಾರು ನಡೆಸುವವಳೂ ನನ್ನ ಹೆಂಡತಿ ಶಾಂತಾ. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುವವನು. ಇಂಥವನು ಮೂರು ವರ್ಷ ಅಂಗಳದಲ್ಲಿ ಕೂತು ಒಂದು ಹಳೆಯ ಸ್ಪೋರ್ಟ್ಸ್ ಕಾರು ರಿಪೇರಿ ಮಾಡಿದ ಎಂದರೆ ನೀವು ನಂಬಬೇಕಿಲ್ಲ. ಶಾಂತಾ ಇವತ್ತಿಗೂ ನಂಬಿಲ್ಲ.

ಕಾರು ನಮ್ಮಪ್ಪನದು. ಹತ್ತಿ ಪ್ರೆಸ್ಸಿನ ಪರದೇಶಿ ಇಂಜಿನಿಯರೊಬ್ಬ ಊರು ಬಿಡುವಾಗ ಅಪ್ಪನಿಗೆ ಕೊಟ್ಟುಹೋದದ್ದು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಕೂತರೆ ನೆಲಕ್ಕೆ ಗೇಣು ದೂರ. ಹಣೆಗೆ ಮೂರು ಬೆರಳು ವಿಭೂತಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ ಅಪ್ಪ ಮುಂಜಾನೆ ಹೊರಟರೆ ಮಾಧವರಂ ತನಕ ಹೋಗಿ, ತುಂಗಭದ್ರೆಯ ದಂಡೆಯಲ್ಲಿ ಗಾಳಿ ಕುಡಿದು ಬರುತ್ತಿದ್ದ. ಬಂದವನು ಆ ಹೊಳೆಯ ಗಾಳಿಯನ್ನು ಊಟದ ತನಕ ವರ್ಣಿಸುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಕಾರು ಗೋದಾಮಿನ ಮೂಲೆ ಸೇರಿತು. ಇಲಿಗಳು ಸಂಸಾರ ಹೂಡಿದವು.

ಮೂರು ವರ್ಷದ ಕೆಳಗೆ ಗೋದಾಮು ಖಾಲಿ ಮಾಡಿಸುವಾಗ ನಾನು ಗುಜರಿಯವನನ್ನು ಕರೆಸಿದ್ದೆ. ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು.

"ಗುಜರಿಗೆ ಹಾಕ್ತೀ ಏನಪಾ? ಹಾಕು, ಹಾಕು. ನಾ ಏನ್ ಒಂದಿನಾರ ಕುಂತೀನೇನು ಅದರಾಗ?"

"ಒಂದಿನಾನೂ ಕುಂತಿಲ್ಲೇನವ್ವಾ?"

"ಮುಟ್ಟೀನಿ. ಕುಂತಿಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ಮುಟ್ಟೀನಿ ಎಂದರೆ ಧೂಳು ಒರೆಸಿರಬೇಕು ಎಂದುಕೊಂಡೆ. ಆದರೂ ಎದೆಯೊಳಗೆ ಏನೋ ಚುಚ್ಚಿತು. ಅವ್ವನಿಗೆ ಎಂಬತ್ತು ದಾಟಿದೆ. ಮೊಣಕಾಲು ವರ್ಷ ವರ್ಷಕ್ಕೆ ಬಿಗಿಯುತ್ತಿದೆ. ಅಷ್ಟು ತಗ್ಗಿನ ಸೀಟಿನಲ್ಲಿ ಕೂತು ಏಳುವುದು ಇನ್ನೆಷ್ಟು ದಿನ ಸಾಧ್ಯವೋ ಶಿವನೇ ಬಲ್ಲ. ಅಷ್ಟರೊಳಗೆ ಅವ್ವನನ್ನು ಅದರಲ್ಲಿ ಕೂರಿಸಲೇಬೇಕು ಎಂದುಕೊಂಡೆ. ಗುಜರಿಯವನಿಗೆ ಚಹಾ ಕುಡಿಸಿ ಕಳಿಸಿದೆ.

ನನ್ನ ಗುರು ಮಸ್ತಾನ್. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮಿಸ್ತ್ರಿ. ಇಂಥ ಕಾರನ್ನು ಅವನು ಜನ್ಮದಲ್ಲಿ ಬಿಚ್ಚಿರಲಿಲ್ಲ. "ಫಿಕರ್ ಮಾಡಬ್ಯಾಡಣ್ಣಾ," ಎಂದ. "ಮಿಷನ್ ಅಂದ್ರ ಮಿಷನ್. ಹತ್ತಿ ತಿಂದ್ರೂ ಅಷ್ಟ, ಪೆಟ್ರೋಲ್ ಕುಡದ್ರೂ ಅಷ್ಟ." ಅವನ ಚಿಕಿತ್ಸೆ ಸರಳ: ಮೊದಲು ಮರದ ಸುತ್ತಿಗೆಯಿಂದ ಒಂದು ಏಟು, ಆಮೇಲೆ ರೋಗ ಏನೆಂದು ವಿಚಾರಣೆ. ಎಲ್ಲೂ ಸಿಗದ ಸಾಮಾನನ್ನು ತಾನೇ ಲೇಥಿನಲ್ಲಿ ಕಡೆದು ತರುತ್ತಿದ್ದ. ಅವನನ್ನು ಒಂದು ವರ್ಷವಿಡೀ ಕಾಡಿದ್ದು ಸೆಲ್ಫ್ ಸ್ಟಾರ್ಟರು. ಅದು ಅಪ್ಪನ ಕಾಲದಿಂದಲೇ ಸತ್ತುಹೋಗಿತ್ತಂತೆ. ನಾನು ಹಟ ಹಿಡಿದೆ. ಎಂಬತ್ತು ದಾಟಿದವಳನ್ನು ಕೂರಿಸಿಕೊಂಡು ನಡುದಾರಿಯಲ್ಲಿ ನಿಲ್ಲುವುದು ಬೇಡ, ಕೀಲಿ ತಿರುವಿದರೆ ಗುರ್ ಅನ್ನಬೇಕು, ಅಷ್ಟೇ.

ಒಂದು ಹಂತದಲ್ಲಿ ಅಂಗಳದ ತುಂಬ ಕಾರಿನ ತುಂಡುಗಳು ಹರಡಿದ್ದವು. ಬಾಗಿಲು ತುಳಸಿಕಟ್ಟೆಗೆ ಒರಗಿತ್ತು, ಕಾರ್ಬುರೇಟರು ಶಾಂತಾಳ ಹಿಟ್ಟಿನ ಪರಾತದಲ್ಲಿ ಸೀಮೆಎಣ್ಣೆಯ ಸ್ನಾನ ಮಾಡುತ್ತಿತ್ತು. (ಆ ಪರಾತದ ಮಾತು ನಮ್ಮ ಮನೆಯಲ್ಲಿ ಈಗಲೂ ಎತ್ತುವಂತಿಲ್ಲ.) ತರ್ಕದವರ ಹಳೆಯ ಪ್ರಶ್ನೆಯೊಂದಿದೆಯಲ್ಲ: ರಥ ಎಂದರೆ ಯಾವುದು? ಗಾಲಿ ರಥವೇ? ಅಚ್ಚು ರಥವೇ? ಎಲ್ಲವನ್ನೂ ಬಿಚ್ಚಿಟ್ಟರೆ ರಥ ಎಲ್ಲಿ ಹೋಯಿತು? ಆ ಅಂಗಳದಲ್ಲಿ ನಿಂತಾಗ ನನಗೆ ವೇದಾಂತ ಉಕ್ಕಿ ಬಂತು. ಹತ್ತಿರವಿದ್ದ ಅವ್ವನಿಗೆ ವಿವರಿಸಿ, "ಈಗ ನೀನ ಹೇಳವ್ವಾ, ಇದರಾಗ ಮೋಟರು ಯಾವುದು?" ಎಂದು ಕೇಳಿದೆ. ಅವ್ವ ಬೆಳ್ಳುಳ್ಳಿ ಬಿಡಿಸುವುದನ್ನೂ ನಿಲ್ಲಿಸಲಿಲ್ಲ.

"ನೂಕಿದ್ರ ಯಾವುದು ಮುಂದಕ್ಕ ಹೋಗ್ತೈತೋ ಅದು ಮೋಟರು."

ನಾನು ಮೆಚ್ಚಿ ತಲೆದೂಗಿದೆ. ಎಷ್ಟು ದಡ್ಡ ನೋಡಿ, ಬರೀ ತಲೆದೂಗಿದೆ.

ಇನ್ನು ಸೀಟಿನ ಪ್ರಸಂಗ. ಊರವರೆಲ್ಲ ಹೇಳಿ ಮುಗಿಸಿರುವುದರಿಂದ ನಾನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಲಿ ತಿಂದ ಸೀಟಿಗೆ ಹೊಸದಾಗಿ ಫೋಮ್ ಹಾಕೋಣ ಎಂದ ಮಸ್ತಾನ್. ನನಗೆ ಸಿಟ್ಟು ಬಂತು. ಹತ್ತಿಯಲ್ಲೇ ಹುಟ್ಟಿ ಬೆಳೆದವನು ಅವ್ವನನ್ನು ಫೋಮಿನ ಮೇಲೆ ಕೂರಿಸುವುದೇ? ಆಗಷ್ಟೇ ಆಸ್ಪರಿಯ ರೈತರೊಬ್ಬರು ತಂದ ಹತ್ತಿ ಮಲ್ಲಿಗೆಯ ಹಾಗಿತ್ತು. ಮಿಲ್ಲಿಗೆ ಹಾಕಿ ಬೀಜ ತೆಗೆಸುವಷ್ಟು ತಾಳ್ಮೆ ಯಾರಿಗಿದೆ? ಟೀವಿಯಲ್ಲಿ ಕ್ರಿಕೆಟ್ ನೋಡುತ್ತ ನಾನೇ ಕೈಯಿಂದ ಬೀಜ ಬಿಡಿಸಿದೆ. ಮ್ಯಾಚು ಬಹಳ ಬಿಗಿಯಾಗಿತ್ತು ಎನ್ನುವುದನ್ನು ನೀವು ಗಮನದಲ್ಲಿಡಬೇಕು. ಸೀಟು ತುಂಬಿಸಿ, ಹೊಲಿಸಿ, ಕೂರಿಸಿದೆವು. ಶ್ರಾವಣದ ಮಳೆಗೆ ಮುಚ್ಚಿದ್ದ ತಾಡಪಾಲು ಹರಿದು ನಾಲ್ಕು ದಿನ ಸೀಟು ನೆನೆಯಿತು. ಐದನೆಯ ದಿನ ನೋಡಿದರೆ ಹೊಲಿಗೆಯ ಗುಂಟ ಎರಡೆರಡು ಎಲೆಯ ಹಸಿರು ಸಸಿಗಳು ತಲೆ ಎತ್ತಿ ನಿಂತಿದ್ದವು.

ಅವ್ವ ಬಗ್ಗಿ ನೋಡಿ, "ಸಾಲು ಚೊಲೊ ಬಂದೈತಿ. ಕಳೆ ತೆಗಸು," ಎಂದಳು. ಮಾರ್ಕೆಟ್ಟಿನಲ್ಲಿ ಒಂದು ತಿಂಗಳು ಎದುರಾದವರೆಲ್ಲ ತೆಲುಗಿನಲ್ಲಿ, "ಪಂಟ ಎಟ್ಲುಂದಿ ಅಣ್ಣಾ?" ಎಂದು ಬೆಳೆ ವಿಚಾರಿಸುತ್ತಿದ್ದರು. ನಾನು ತೆಪ್ಪಗೆ ಫೋಮ್ ಹಾಕಿಸಿದೆ.

ಕೊನೆಗೆ ಬಣ್ಣ. ತುಕ್ಕು ಉಜ್ಜುವಾಗ ಮಸ್ತಾನ್ ಹಿಂಬದಿಯಲ್ಲಿ ಎರಡು ಜಾಗ ತೋರಿಸಿದ. ಉಳಿದೆಡೆ ಹಳೆಯ ಹಸಿರು ಬಣ್ಣ ಗಟ್ಟಿಯಾಗಿಯೇ ಇತ್ತು. ಅಲ್ಲಿ ಮಾತ್ರ, ಮೊಳದಂತರದಲ್ಲಿ, ಅಂಗೈಯಗಲ ಎರಡು ಕಡೆ ಸವೆದು ತಗಡು ನುಣ್ಣಗೆ ಹೊಳೆಯುತ್ತಿತ್ತು. "ಇದೇನಣ್ಣಾ ಹಿಂಗ?" ಎಂದ. ಅಪ್ಪ ಒರಗಿ ನಿಲ್ಲುತ್ತಿದ್ದನೇನೋ ಎಂದೆ. ಮೂರು ಕೈ ಬಣ್ಣ ಬಳಿದು ಮುಚ್ಚಿಬಿಟ್ಟೆವು.

ಒಂದು ಸೋಮವಾರ ಮುಂಜಾನೆ ಬಾನೆಟ್ಟಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಅವ್ವ ಇಳಕಲ್ ಸೀರೆ ಉಟ್ಟು ಬಂದಳು. ಶಾಂತಾಳ ಹೆಗಲು ಹಿಡಿದು, "ಶಿವಾ ಶಿವಾ" ಎನ್ನುತ್ತ ಆ ತಗ್ಗಿಗೆ ಇಳಿದು ಕೂತಳು. ನೋಯುವ ಕಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟುಕೊಂಡಳು. ನಾನು ಸ್ಟೇರಿಂಗಿನ ಹಿಂದೆ ತೂರಿಕೊಂಡು ಕೀಲಿ ತಿರುವಿದೆ. ಒಂದೇ ಸಲಕ್ಕೆ ಗುರ್ರ್! ಮಸ್ತಾನನ ಕಣ್ಣಲ್ಲಿ ನೀರಾಡಿತು. ಅವ್ವನ ಮುಖ ಮಾತ್ರ ಸಪ್ಪಗಾಯಿತು.

"ಚಾಲೂ ಆತೇನು?"

"ಆತವ್ವಾ! ಕೀಲಿ ತಿರುವಿದ್ರ ಸಾಕು ಈಗ."

"ಮತ್ತ ನೂಕೋದು?"

"ನೂಕೋದ್ಯಾಕವ್ವಾ ಇನ್ನ?"

"ಬಂದ್ ಮಾಡು," ಎಂದಳು ಅವ್ವ. ಬಂದ್ ಮಾಡಿದೆ. "ನಿಮ್ಮಪ್ಪ ಕುಂದ್ರತಿದ್ರು, ನಾ ನೂಕತಿದ್ದೆ. ದಿನಾ ಮುಂಜಾಲೆ, ಓಣ್ಯಾಗಿನ ಮಂದಿ ಏಳೂಕಿಂತ ಮೊದಲ. ಸಾವಕಾರ್ರ ಹೆಂಡ್ತಿ ಮೋಟರು ನೂಕ್ತಾಳಂತ ಯಾರೂ ಅನ್ನಬಾರದಲ್ಲ! ಗೇಟಿಂದ ಆ ಬೇವಿನ ಗಿಡದ ತನಕ. ಅಲ್ಲಿ ಗುರ್ ಅಂತಿತ್ತು, ಹೋಗೇ ಬಿಡ್ತಿದ್ರು. ಹೊಳಿ ದಂಡ್ಯಾಗಾದ್ರ ಇಳಿಜಾರೈತಿ, ಇಲ್ಲಿ ನಿಂದ್ರಿಸಿದ್ರ ಮತ್ತ ಬಂದ್ ಬೀಳ್ತೈತಿ. ನಾ ಹತ್ತೋದು ಹ್ಯಾಂಗ?" ನನ್ನತ್ತ ತಿರುಗಿದಳು. "ಕುಂತಾಗ ಹಿಂದಿಂದ ಒಬ್ರು ನೂಕಿದ್ರ ಹ್ಯಾಂಗಿರ್ತೈತಿ ಅಂತ ನೋಡಬೇಕಾಗೈತಿ. ಇಳಿ ನೀ. ಶಾಂತಾ ನಡಸ್ತಾಳ."

ಮೂರು ವರ್ಷ ತಪಸ್ಸು ಮಾಡಿ ನಾನು ಹಟದಿಂದ ಸರಿಮಾಡಿಸಿದ್ದು ಅವ್ವನಿಗೆ ಬೇಡವಾದ ಒಂದೇ ಒಂದು ಭಾಗವನ್ನು! ಇಳಿದೆ. ಶಾಂತಾ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ನಗು ತಡೆಯಲು ಅವಳು ಪಟ್ಟ ಪಾಡು ನನಗೆ ಕಾಣುತ್ತಿತ್ತು. ಅವ್ವ ಕತ್ತು ತಿರುಗಿಸದೆ ಹೇಳಿದಳು: "ಕೈ ಎಲ್ಲಿ ಇಡಬೇಕು ಗೊತ್ತೈತಿಲ್ಲ? ಎರಡು ಕಡೆ ಬಣ್ಣ ಹೋಗೇತಿ ನೋಡು, ಅಲ್ಲಿ."

ಅಲ್ಲಿ ಈಗ ಹೊಚ್ಚಹೊಸ ಹಸಿರು ಮಿಂಚುತ್ತಿತ್ತು. ಅಂದಾಜಿನಲ್ಲಿ ಕೈ ಇಟ್ಟು ನೂಕಿದೆ. ಅಪ್ಪಾ, ಏನು ಭಾರ! ನಾಲ್ಕು ಹೆಜ್ಜೆಗೆ ದಮ್ಮು ಹತ್ತಿತು. ಮಸ್ತಾನ್ ಕೈ ಕೊಡಲು ಓಡಿ ಬಂದ. "ಮಸ್ತಾನಾ, ನೀ ಬಿಡಪಾ," ಎಂದು ಮುಂದಿನಿಂದಲೇ ಕೂಗಿದಳು ಅವ್ವ. "ನಾ ಒಬ್ಬಾಕಿನ ನೂಕತಿದ್ದೆ."

ಬೇವಿನ ಗಿಡದ ಹತ್ತಿರ ಕಾರು ಗುರ್ ಎಂದಿತು. ನನ್ನ ಮುಖಕ್ಕೆ ಹೊಗೆ ಉಗುಳಿ ಹೋಗೇ ಬಿಟ್ಟಿತು, ಮಾಧವರಂ ಕಡೆಗೆ. ಅವರು ಮರಳುವ ತನಕ ನಾಲ್ಕು ತಾಸು ನಾನು ಗೇಟಿನ ಕಟ್ಟೆಯ ಮೇಲೆ ಕೂತಿದ್ದೆ. ಹೊಟ್ಟೆ ಹಸಿದಿತ್ತು, ರೊಟ್ಟಿ ಬಡಿಯುವವರು ಇರಲಿಲ್ಲ. ಅಪ್ಪನ ಹೊಳೆಯ ಗಾಳಿಯ ವರ್ಣನೆ ಅವ್ವನಿಗೆ ಹೇಗೆ ಕೇಳಿಸಿರಬಹುದು ಎಂದು ಮೊದಲ ಸಲ ಯೋಚಿಸಿದೆ.

ಕೂದಲು ಕೆದರಿ, ಮುಖ ಕೆಂಪಾಗಿ ಅವ್ವ ಬಂದಿಳಿದಳು. ಆತುರದಿಂದ ಕೇಳಿದೆ: "ಹ್ಯಾಂಗಿತ್ತವ್ವಾ ಹೊಳಿ ಗಾಳಿ?"

"ಗಾಳಿ ಏನಪಾ, ಎಲ್ಲಾ ಕಡೆ ಅದ ಗಾಳಿ," ಎಂದಳು ನನ್ನ ಹೆಗಲಿಗೆ ಕೈ ಹಾಕಿ ಮೆಟ್ಟಿಲು ಹತ್ತುತ್ತ. "ಆ ಗಿಡದ ತನಕ ಹೋದದ್ದು ನೋಡು, ಅದು ಚೊಲೊ ಇತ್ತು."